ಗಣಿಗೆ ಗಡಿಯುಂಟು, ಹಳ್ಳಕ್ಕಿಲ್ಲ

ಸರಗೂರಿನ ನೆಲದಡಿ ಕಲ್ಲಿದ್ದಲು ಸಿಗುವುದಿಲ್ಲ. ಕಪಿಲೆಯ ದಂಡೆಯ ಈ ಊರಿನ ಸುತ್ತಲಿನ ಬಂಡೆಗಳಿಗೆ ಮುನ್ನೂರು ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸು. ದಕ್ಷಿಣ ಕರ್ನಾಟಕದ ಅತಿ ಹಳೆಯ ಶಿಲೆಗಳ ಗುಂಪೊಂದನ್ನು ಭೂವಿಜ್ಞಾನಿಗಳು ‘ಸರಗೂರು ಸಮೂಹ’ ಎಂದೇ ಗುರುತಿಸುತ್ತಾರೆ. ಭಾರತದ ಕಲ್ಲಿದ್ದಲಿನ ಬಹುಪಾಲು ಹುಟ್ಟಿದ್ದು ಇಪ್ಪತ್ತೈದು ಮೂವತ್ತು ಕೋಟಿ ವರ್ಷಗಳ ಹಿಂದೆ, ಗೊಂಡ್ವಾನ ಕಾಲದ ಕಾಡುಗಳು ಕೆಸರಿನಡಿ ಹೂತುಹೋದ ಮೇಲೆ. ಆ ಪದರಗಳು ಕರ್ನಾಟಕದ ಪಾಲಿಗೆ ಬರಲಿಲ್ಲ. ಆದ್ದರಿಂದಲೇ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು. ಕರ್ನಾಟಕ ವಿದ್ಯುತ್ ನಿಗಮಕ್ಕೆ 2003ರಲ್ಲಿ ಹಂಚಿಕೆಯಾದ ಬರಾಂಜ್ ಗಣಿಯೂ ಇರುವುದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 204 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆ ರದ್ದು ಮಾಡಿದಾಗ ಅದೂ ಕೈತಪ್ಪಿ, ಮರುವರ್ಷ ಮತ್ತೆ ನಿಗಮಕ್ಕೇ ಬಂತು.

ಕಲ್ಲಿದ್ದಲು ಇಲ್ಲದಿದ್ದರೂ ಗಣಿ ಮತ್ತು ಹಳ್ಳದ ನಡುವಿನ ತಕರಾರು ಕರ್ನಾಟಕಕ್ಕೆ ಹೊಸದಲ್ಲ. ಕೋಲಾರದಲ್ಲಿ ಅದು ನೆಲದಡಿಯ ಚಿನ್ನದಿಂದ ಬಂತು, ಕುದುರೆಮುಖದಲ್ಲಿ ಮಳೆಗಾಡಿನ ಕಬ್ಬಿಣದಿಂದ, ಸಂಡೂರಿನಲ್ಲಿ ಕೆಂಪು ಗುಡ್ಡಗಳಿಂದ. ಮೂರು ಕಡೆಯೂ ಮೇಲ್ವಿಚಾರಣೆಗೆ ಕಾನೂನಿತ್ತು, ಇಲಾಖೆಗಳಿದ್ದವು. ಆದರೂ ಹಳ್ಳದಲ್ಲಿ ಎಷ್ಟು ನೀರು ಹರಿಯುತ್ತಿದೆ, ಅದರಲ್ಲಿ ಎಷ್ಟು ಮಣ್ಣಿದೆ ಎಂದು ಅಳೆಯುವ ಹೊಣೆ ಬಹುಕಾಲ ಯಾರ ಮೇಲೂ ಇರಲಿಲ್ಲ.

ಈ ಅಳತೆ ಏಕೆ ಬೇಕೆಂಬುದಕ್ಕೆ ಬೇರೆ ರಾಜ್ಯಗಳ ಕಲ್ಲಿದ್ದಲು ಗಣಿಗಳೇ ಉದಾಹರಣೆ. ನೆಲದಡಿಯ ಕಲ್ಲಿದ್ದಲು ಗಣಿ ಮೇಲಿನ ಹಳ್ಳವನ್ನು ಕೆಡಿಸುವ ಬಗೆ ಹೊರಗಿನಿಂದ ಕಾಣುವುದಿಲ್ಲ. ಭಾರತದ ಹೆಚ್ಚಿನ ಭೂಗತ ಗಣಿಗಳಲ್ಲಿ ಕಲ್ಲಿದ್ದಲನ್ನೇ ಕಂಬಗಳ ಹಾಗೆ ಉಳಿಸಿ, ನಡುವಿನದನ್ನು ಅಗೆದು ತೆಗೆಯುತ್ತಾರೆ. ಕೊನೆಯಲ್ಲಿ ಆ ಕಂಬಗಳನ್ನೂ ತೆಗೆದರೆ ಮೇಲ್ಚಾವಣಿ ಕುಸಿಯುತ್ತದೆ. ಲಾಂಗ್‌ವಾಲ್ ಪದ್ಧತಿಯಲ್ಲಿ ಕುಸಿತವೇ ಯೋಜನೆಯ ಭಾಗ: ನೂರಾರು ಮೀಟರ್ ಅಗಲದ ಪಟ್ಟಿಯನ್ನು ಯಂತ್ರ ಕೊರೆಯುತ್ತ ಸಾಗಿದಂತೆ ಹಿಂದಿನ ಚಾವಣಿ ಬೀಳುತ್ತ ಬರುತ್ತದೆ. ಸಿಂಗರೇಣಿಯ ಅಡ್ರಿಯಾಲ ಗಣಿ ಈ ಬಗೆಯದು. ಕೆಳಗಿನ ಕುಸಿತ ಮೇಲಕ್ಕೇರಿ ನೆಲ ತಗ್ಗಿದಾಗ ಹಳ್ಳದ ತಳದ ಬಂಡೆ ಬಿರುಕು ಬಿಡುತ್ತದೆ. ಒಂದು ಕಡೆ ನೀರು ಬಿರುಕಿನೊಳಗೆ ಇಳಿದು ಮಾಯವಾಗುತ್ತದೆ, ಇನ್ನೊಂದು ಕಡೆ ತಗ್ಗಿನಲ್ಲಿ ನಿಂತು ಕೊಳೆಯುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುವುದರಿಂದ ಏನೂ ಆಗಿಲ್ಲವೆಂದೇ ತೋರುತ್ತದೆ. ನಷ್ಟ ಗೊತ್ತಾಗುವುದು ಮಾಘ, ಫಾಲ್ಗುಣದಲ್ಲಿ, ಹಿಂದೆಂದೂ ಬತ್ತದ ಮಡು ಬತ್ತಿದಾಗ.

ಇದಕ್ಕೆ ಭಾರತದ ಕಾನೂನಿನಲ್ಲಿ ಏನಿದೆ ಎಂದು ಹುಡುಕಿದರೆ ಮೊದಲು ಸಿಗುವುದು 15 ಮೀಟರ್‌ನ ಒಂದು ನಿಯಮ. ನದಿ, ಕಾಲುವೆ, ಕೆರೆ ಅಥವಾ ಜಲಾಶಯದ ನೇರ ಕೆಳಗಾಗಲೀ ಅವುಗಳ ದಂಡೆಯಿಂದ 15 ಮೀಟರ್ ಒಳಗಾಗಲೀ ಪೂರ್ವಾನುಮತಿಯಿಲ್ಲದೆ ಗಣಿ ತೋಡುವಂತಿಲ್ಲ ಎಂದು 1957ರ ಕಲ್ಲಿದ್ದಲು ಗಣಿ ನಿಯಮಾವಳಿ ಹೇಳಿತು. ಅನುಮತಿ ಕೊಡುವ ಅಧಿಕಾರ ಧನಬಾದ್‌ನಲ್ಲಿ ಕೇಂದ್ರ ಕಚೇರಿಯುಳ್ಳ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. ಕಲ್ಲಿದ್ದಲಲ್ಲದ ಲೋಹದ ಗಣಿಗಳಿಗೂ 1961ರ ನಿಯಮಾವಳಿಯಲ್ಲಿ ಇಂಥದೇ ಕಟ್ಟಳೆಯಿದೆ. ಮೇಲ್ನೋಟಕ್ಕೆ ಇದು ನದಿಯ ರಕ್ಷಣೆಯಂತೆ ಕಾಣುತ್ತದೆ. ಇದರ ಉದ್ದೇಶ ಬೇರೆ. ನದಿಯ ನೀರು ಗಣಿಯೊಳಗೆ ನುಗ್ಗಿ ಕಾರ್ಮಿಕರು ಮುಳುಗಬಾರದು ಎಂಬುದು ಇದರ ಕಾಳಜಿ. ಆ ಕಾಳಜಿಗೆ ಬಲವಾದ ಕಾರಣವಿದೆ: 1975ರ ಡಿಸೆಂಬರ್ 27ರಂದು ಚಾಸನಾಲಾ ಗಣಿಯೊಳಗೆ ನೀರು ನುಗ್ಗಿ 375 ಮಂದಿ ಸತ್ತರು. ಕಾರ್ಮಿಕನನ್ನು ನದಿಯಿಂದ ಕಾಪಾಡಲು ಬರೆದ ನಿಯಮ ನದಿಯನ್ನು ಗಣಿಯಿಂದಲೂ ಕಾಪಾಡುತ್ತದೆಂದು ತಿಳಿಯುವುದು ತಪ್ಪು. ಒಳಗೆ ಪ್ರವಾಹ ಬರದಂತೆ ಸೋರಿ ಸೋರಿ ಒಣಗುವ ಹಳ್ಳ ಈ ನಿಯಮದ ಕಣ್ಣಿಗೆ ಬೀಳುವುದೇ ಇಲ್ಲ.

ಗಣಿ ಸುರಕ್ಷತೆಯ ತಪಾಸಣೆ ಶುರುವಾದದ್ದರಲ್ಲಿ ಕನ್ನಡ ನೆಲದ ಸಾವುಗಳ ಪಾಲೂ ಇದೆ. 1897ರ ಸೆಪ್ಟೆಂಬರ್ 11ರಂದು ಕೋಲಾರ ಚಿನ್ನದ ಗಣಿಯಲ್ಲಿ 52 ಮಂದಿ ಸತ್ತರು. ಅದೇ ವರ್ಷ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ. ಈ ಎರಡು ದುರಂತಗಳ ಒತ್ತಡದಿಂದ 1901ರ ಗಣಿ ಕಾಯ್ದೆ ಬಂತು, ಮರುವರ್ಷ ಕಲ್ಕತ್ತೆಯಲ್ಲಿ ಗಣಿ ತಪಾಸಣಾ ಕಚೇರಿ ತೆರೆಯಿತು. ಮುಂದೆ 1952ರ ಗಣಿ ಕಾಯ್ದೆ ಬಂತು. ಅದು ಹುಟ್ಟಿನಿಂದಲೇ ಮನುಷ್ಯರ ಜೀವ ಕಾಯುವ ಕಾನೂನು, ಮತ್ತು ಆ ಕೆಲಸದಲ್ಲಿ ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಂಥ ಆಳದಲ್ಲಿ ಬಂಡೆ ಸಿಡಿಯುವುದನ್ನು, ಉಸಿರಾಟದ ಗಾಳಿಯನ್ನು, ಕಾವನ್ನು ಲೆಕ್ಕ ಹಾಕಿ ಕೆಲಸ ನಡೆಸುವುದನ್ನು ಕೋಲಾರವೇ ಭಾರತಕ್ಕೆ ಕಲಿಸಿತು.

ಆದರೆ ಮೇಲೆ ಉಳಿದದ್ದು ಆ ಕಾಯ್ದೆಯ ವ್ಯಾಪ್ತಿಗೆ ಬರಲಿಲ್ಲ. ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಬಸಿದ ಮೇಲೆ ಉಳಿದ ಬೂದುಬಣ್ಣದ ಪುಡಿಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಊರ ಮಗ್ಗುಲಲ್ಲೇ ಸುರಿಯಲಾಯಿತು. ಕೆ.ಜಿ.ಎಫ್.ನವರು ‘ಸೈನೈಡ್ ಗುಡ್ಡ’ ಎನ್ನುವ ಈ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿಯಿದೆ. ಗಾಳಿಗೆ ಅದು ಮನೆಗಳಿಗೆ ನುಗ್ಗುತ್ತದೆ, ಮಳೆಗೆ ಸೀಳುಗಳಲ್ಲಿ ಕೊಚ್ಚಿ ತಗ್ಗಿನ ಹೊಲಗಳಿಗೂ ತೋಡುಗಳಿಗೂ ಇಳಿಯುತ್ತದೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಪಂಪುಗಳೂ ನಿಂತವು, ಸುರಂಗಗಳಲ್ಲಿ ನೀರು ಏರಿತು. ಗಣಿಯ ಜೀವ ಮುಗಿದರೂ ನೀರಿನ ಮೇಲಿನ ಅದರ ಪರಿಣಾಮ ಮುಗಿದಿರಲಿಲ್ಲ. ಮುಚ್ಚಿದ ಮೇಲೆ ಏನು ಮಾಡಬೇಕೆಂದು ಗಣಿ ತೆರೆಯುವ ಮೊದಲೇ ಬರೆದಿಡುವ, ಅದಕ್ಕೆ ಹಣ ಕಟ್ಟಿಸಿಕೊಳ್ಳುವ ನಿಯಮ ಕೋಲಾರದ ಗಣಿಗೆ ಉಪಯೋಗಕ್ಕೆ ಬರುವಷ್ಟು ಬೇಗ ಬರಲಿಲ್ಲ.

ಆ ನಿಯಮ ಬಂದದ್ದು 2003ರಲ್ಲಿ. ಕಲ್ಲಿದ್ದಲು ಬಿಟ್ಟು ಉಳಿದ ಪ್ರಧಾನ ಖನಿಜಗಳ ಗಣಿಗಳಿಗೆ ಮುಚ್ಚುವಿಕೆ ಯೋಜನೆ ಕಡ್ಡಾಯವಾಯಿತು. ಅದನ್ನು ಮಂಜೂರು ಮಾಡುವುದು ನಾಗಪುರದ ಭಾರತೀಯ ಗಣಿ ಬ್ಯೂರೊ. ಜೊತೆಗೆ ಗಣಿಯವರು ಆರ್ಥಿಕ ಭರವಸೆ ಕಟ್ಟಬೇಕು. ಯಾಂತ್ರೀಕೃತ ದೊಡ್ಡ ಗಣಿಗೆ ಹೆಕ್ಟೇರಿಗೆ 25 ಸಾವಿರ ರೂಪಾಯಿಯಿಂದ ಶುರುವಾದ ಈ ಮೊತ್ತ 2017ರ ನಿಯಮಗಳಲ್ಲಿ 3 ಲಕ್ಷಕ್ಕೇರಿತು. ಕಲ್ಲಿದ್ದಲಿಗೆ ಪ್ರತ್ಯೇಕ ಮಾರ್ಗಸೂಚಿ 2009ರ ಆಗಸ್ಟ್‌ನಲ್ಲಿ ಬಂತು: ಆಗ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ, ಭೂಗತ ಗಣಿಗೆ 1 ಲಕ್ಷ. ಈ ಹಣ ಎಸ್ಕ್ರೋ ಖಾತೆಯಲ್ಲಿ ಇರುತ್ತದೆ, ಕೆಲಸ ಮಾಡಿ ತೋರಿಸಿದರೆ ಹಂತಹಂತವಾಗಿ ವಾಪಸು ಸಿಗುತ್ತದೆ. ಭೂಗತ ಗಣಿ ಮೇಲ್ಮೈಯನ್ನು ಕಡಿಮೆ ಕೆದಕುತ್ತದೆ ಎಂಬ ನಂಬಿಕೆ ಆರನೇ ಒಂದರ ಈ ದರದ ಹಿಂದಿದೆ. ಮಣ್ಣು, ಮರದ ಮಟ್ಟಿಗೆ ಅದು ಸರಿ. ತಳ ಬಿರಿದ ಹಳ್ಳಕ್ಕೆ ಹೆಕ್ಟೇರಿನ ಲೆಕ್ಕ ಹೊಂದುವುದೇ ಇಲ್ಲ. ಒಂದು ಬಿರುಕು ನೆಲದ ಮೇಲೆ ಕೆಲವೇ ಮೀಟರ್ ಉದ್ದವಿರಬಹುದು, ಅದರಿಂದ ಒಣಗುವ ಹಳ್ಳ ಮೂರು ಊರು ದಾಟಿ ಹೋಗುವಂಥದ್ದಿರಬಹುದು.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ಈ ಕೊರತೆಯನ್ನು ಒಂದಷ್ಟು ತುಂಬಲು ನೋಡಿತು. ಅಲ್ಲಿ 1994ರ ಕಾಯ್ದೆಯ ಪ್ರಕಾರ ಭೂಗತ ಗಣಿಯಿಂದ ಬಾವಿ ಅಥವಾ ಊಟೆ ಬತ್ತಿದರೆ ಕಂಪನಿ ಬದಲಿ ನೀರು ಕೊಡಬೇಕು. ಹಳ್ಳದಡಿ ಗಣಿ ಬರುವ ಮೊದಲೇ ಅದರ ಹರಿವನ್ನು, ಅದರಲ್ಲಿರುವ ಹುಳುಹುಪ್ಪಟೆಗಳನ್ನು ಸಮೀಕ್ಷೆ ಮಾಡಿಡಬೇಕು. ಗಣಿ ಹಾದುಹೋದ ಮೇಲೆ ಮತ್ತೆ ಅಳೆದು, ವ್ಯತ್ಯಾಸ ಬಂದರೆ ಬಿರುಕಿಗೆ ಸಿಮೆಂಟಿನಂಥ ಗಾರೆ ತುಂಬಬೇಕು, ನಿಂತ ನೀರಿಗೆ ದಾರಿ ಕಡಿದುಕೊಡಬೇಕು, ಅಲ್ಲಿಯವರೆಗೆ ಬೇರೆ ನೀರು ಪಂಪು ಮಾಡಿ ಹಳ್ಳಕ್ಕೆ ಬಿಡಬೇಕು. ಐದು ವರ್ಷಕ್ಕೊಮ್ಮೆ ಸ್ವತಂತ್ರ ಪರಿಶೀಲನಾ ವರದಿ ಶಾಸನಸಭೆಯ ಮುಂದೆ ಬರುತ್ತದೆ. ದುರಸ್ತಿ ಮಾಡಿದರೂ ಕೆಲವು ಹಳ್ಳಗಳು ಮೊದಲಿನಂತಾಗಲಿಲ್ಲ. ಆಗಲಿಲ್ಲ ಎಂಬುದು ಗೊತ್ತಾದದ್ದಾದರೂ ಮೊದಲೇ ಅಳೆದಿಟ್ಟಿದ್ದರಿಂದ.

ಕರ್ನಾಟಕದಲ್ಲಿ ಹಳ್ಳದ ಹೂಳನ್ನು ಗಂಭೀರವಾಗಿ ಅಳೆದ ಮೊದಲ ಜಾಗಗಳಲ್ಲಿ ಕುದುರೆಮುಖವೂ ಒಂದು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಭದ್ರಾ ನದಿಯ ಮೂಲದಲ್ಲಿ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಶೋಲಾ ಹುಲ್ಲುಗಾವಲಿನ ನಡುವೆ ಕೆಲಸ ಮಾಡುತ್ತಿತ್ತು. ಅಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಅದನ್ನು ಅರೆದು, ಸತ್ವ ಬೇರ್ಪಡಿಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರಿಗಾಗಿ ಭದ್ರೆಯ ಉಪನದಿ ಲಕ್ಯಾ ಹೊಳೆಗೆ ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಲಾಯಿತು. ಅಲ್ಲಿಗೆ ಒಂದು ಹೊಳೆಯ ಕಣಿವೆ ಗಣಿಕಸದ ತೊಟ್ಟಿಯಾಯಿತು. ಲಕ್ಯಾ ಹೊಳೆಯನ್ನು ಮರಳಿ ತರುವ ಮಾತು ಈಗ ಯಾರೂ ಆಡಲಾರರು. ಆ ಅಣೆಕಟ್ಟನ್ನು ಗಣಿ ನಿಂತ ಮೇಲೂ ಪ್ರತಿ ಮಳೆಗಾಲ ಕಾಯಬೇಕು.

ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಭದ್ರೆಯ ನೀರಿನಲ್ಲಿ ತೇಲಿಬರುವ ಹೂಳಿನ ಬಗ್ಗೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಜಲಾನಯನದ ಸಣ್ಣ ಭಾಗವಷ್ಟೇ ಆಗಿದ್ದ ಗಣಿ ಪ್ರದೇಶ ಹೂಳಿನ ಬಹುದೊಡ್ಡ ಪಾಲನ್ನು ಕೊಡುತ್ತಿದೆ ಎಂದು ಅದು ತೋರಿಸಿತು. ಮೇಲ್ವಿಚಾರಣೆ ಎಲ್ಲಿ ಸೋಲುತ್ತದೆ ಎಂಬುದೂ ಇಂಥ ಅಳತೆಗಳಿಂದಲೇ ತಿಳಿಯುತ್ತದೆ. ಗಣಿಯಿಂದ ಹೊಳೆಗೆ ಬಿಡುವ ನೀರಿನಲ್ಲಿ ತೇಲುವ ಕಣ ಲೀಟರಿಗೆ 100 ಮಿಲಿಗ್ರಾಂ ಮೀರಬಾರದು ಎಂಬ ಮಿತಿ 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿದೆ. ಆದರೆ ಮಲೆನಾಡಿನ ಹೊಳೆ ವರ್ಷದ ಹೂಳಿನ ಬಹುಪಾಲನ್ನು ಹೊರುವುದು ಕೆಲವೇ ದಿನಗಳ ಜಡಿಮಳೆಯಲ್ಲಿ. ತಿಂಗಳಿಗೊಮ್ಮೆ ಬಾಟಲಿ ಹಿಡಿದು ಬರುವವರಿಗೆ ಸಾಮಾನ್ಯವಾಗಿ ಸಿಗುವುದು ಮಳೆ ಬಿಟ್ಟ ದಿನದ ತಿಳಿನೀರು. ಹೊಳೆ ಕೆಂಪಾಗಿ ಭೋರ್ಗರೆಯುವ ಆಷಾಢದ ರಾತ್ರಿಯ ಮಾದರಿ ವರದಿಗೆ ಸೇರುವುದು ಅಪರೂಪ. ಆದ್ದರಿಂದ ಕಾಗದದಲ್ಲಿ ಮಿತಿ ದಾಟದ ಹೊಳೆಯೇ ಕೆಳಗಿನ ಜಲಾಶಯವನ್ನು ತುಂಬಿಸಬಲ್ಲದು.

ಕುದುರೆಮುಖದ ಗಣಿ ಗುತ್ತಿಗೆ 1999ರ ಜುಲೈನಲ್ಲಿ ಮುಗಿಯಿತು. ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ಮುಂದುವರಿಯಿತು. ಕೊಡಗಿನ ಕೆ.ಎಂ. ಚಿಣ್ಣಪ್ಪ ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ದುಡಿದಿದ್ದ ಅವರ ಹೆಸರು ಎಚ್.ಡಿ. ಕೋಟೆ, ಹುಣಸೂರು ಸೀಮೆಯ ಜನರಿಗೆ ಚೆನ್ನಾಗಿ ಗೊತ್ತು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ದೈನಂದಿನ ಮೇಲ್ವಿಚಾರಣೆ ಮಾಡಬೇಕಾಗಿದ್ದ ಇಲಾಖೆಗಳಿಂದ ಆಗದ ಕೆಲಸ ಒಂದು ಅರ್ಜಿಯಿಂದ ಆಯಿತು.

ಸಂಡೂರಿನ ಕಥೆಯಲ್ಲಿ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ನಿಲ್ಲಿಸುವುದರ ಜೊತೆಗೆ ದುರಸ್ತಿಯನ್ನೂ ಕೈಗೆತ್ತಿಕೊಂಡಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಅದಾದ ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಸರದಿ. ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಅಕ್ರಮ ಮಿತಿ ಮೀರಿದ್ದ ಸಿ ವರ್ಗದ ಗುತ್ತಿಗೆಗಳು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ರದ್ದಾದವು. ಬಿ ವರ್ಗದವರು ಗಡಿ ದಾಟಿ ತೋಡಿದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಗಡಿ ದಾಟಿ ಸುರಿದ ಮಣ್ಣಿಗೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದಿತ್ತು: ಪ್ರತಿ ಗಣಿಗೂ ಪ್ರತ್ಯೇಕ ಪುನಶ್ಚೇತನ ಯೋಜನೆ ತಯಾರಾಗಿ, ಅದು ಜಾರಿಗೆ ಬಂದ ಮೇಲಷ್ಟೇ ಅದಿರು ತೆಗೆಯಬಹುದು. ಯೋಜನೆ ಸಿದ್ಧಪಡಿಸುವ ಹೊಣೆ ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿಗೆ ಬಂತು. ಅಲ್ಲಿಯವರೆಗೆ ಗಣಿಯ ಕೊನೆಗೆ ಬರುತ್ತಿದ್ದ ದುರಸ್ತಿ ಗಣಿಗಿಂತ ಮೊದಲು ಬಂದದ್ದು ಇಲ್ಲಿಯೇ.

ಆ ಯೋಜನೆಗಳ ಬಹುಭಾಗ ನೀರಿಗೆ ಸಂಬಂಧಿಸಿದ್ದು. ಸಂಡೂರಿನ ಗುಡ್ಡದ ಮೇಲೆ ಸುರಿದ ಮಣ್ಣಿನ ರಾಶಿಯನ್ನು ಅಲ್ಲಿ ಎಲ್ಲರೂ ಡಂಪ್ ಎನ್ನುತ್ತಾರೆ. ಕಡಿದಾದ ಡಂಪನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸಿ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿ, ಹುಲ್ಲು ಬಿತ್ತುತ್ತಾರೆ. ಡಂಪಿನ ಬುಡಕ್ಕೆ ಕಲ್ಲಿನ ತಡೆಗೋಡೆ, ಅದರಾಚೆ ಸುತ್ತುಗಾಲುವೆ, ಕಾಲುವೆಯ ಕೊನೆಗೆ ನೀರು ತಂಗಿ ತಿಳಿಯಾಗುವ ತೊಟ್ಟಿ. ಕೊರಕಲುಗಳಿಗೆ ಅಡ್ಡಲಾಗಿ ಕಲ್ಲಿನ ಒಡ್ಡು, ಹಳ್ಳಕ್ಕೆ ಚೆಕ್‌ಡ್ಯಾಂ. ಮೊದಲ ಮಳೆಯಲ್ಲಿ ಇದರ ಕೆಲಸ ಕಣ್ಣಿಗೆ ಕಾಣುತ್ತದೆ: ಒಡ್ಡಿನ ಮೇಲ್ಗಡೆ ಇಟ್ಟಿಗೆ ಬಣ್ಣದ ನೀರು ಮಡುಗಟ್ಟಿ ನಿಲ್ಲುತ್ತದೆ, ದಪ್ಪ ಮರಳು ಮೊದಲು ತಳ ಹಿಡಿಯುತ್ತದೆ, ಅದರ ಮೇಲೆ ನುಣುಪಾದ ಜೇಡಿ ಪದರಗಟ್ಟುತ್ತದೆ, ಕೋಡಿಯಿಂದ ಇಳಿಯುವ ನೀರು ಒಂದಿಷ್ಟು ತೆಳುವಾಗಿರುತ್ತದೆ. ಅತಿ ನುಣುಪಾದ ಅದಿರಿನ ಪುಡಿ ಮಾತ್ರ ತಂಗದೆ ಮುಂದೆ ಸಾಗುತ್ತದೆ. ಜೋರು ಮಳೆಗಾಲವೊಂದು ಕಳೆದರೆ ಒಡ್ಡಿನ ಹಿಂದೆ ಹೂಳು ತುಂಬಿ ಜಾಗವೇ ಇರುವುದಿಲ್ಲ. ಬೇಸಿಗೆಯಲ್ಲಿ ಅದನ್ನು ತೋಡಿ ತೆಗೆಯದಿದ್ದರೆ ಮುಂದಿನ ವರ್ಷ ಒಡ್ಡು ಇದ್ದೂ ಇಲ್ಲದಂತೆ. ಒಡ್ಡುಗಳ ಸಂಖ್ಯೆ ಎಣಿಸಿ ವರದಿ ಬರೆಯುವುದು ಸುಲಭ. ತಪಾಸಣೆಗೆ ಹೋದವರು ನೋಡಬೇಕಾದದ್ದು ಒಡ್ಡಿನ ಹಿಂದೆ ಎಷ್ಟು ಗಜ ಖಾಲಿ ಇದೆ ಎಂಬುದನ್ನು, ಅದೂ ಮೇ ತಿಂಗಳಲ್ಲಿ.

ಈ ಕಣಿವೆಯ ನೀರೆಲ್ಲ ಸೇರುವ ನಾರಿಹಳ್ಳ ಓಬಳಗಂಡಿ, ಭೀಮಗಂಡಿ ಎಂಬ ಎರಡು ಕಮರಿಗಳ ಮೂಲಕ ಸಂಡೂರನ್ನು ಹಾದು ದರೋಜಿ ಕೆರೆಯ ಕಡೆಗೆ ಹೋಗುತ್ತದೆ. ತಾರಾನಗರದ ಬಳಿ ಅದಕ್ಕೆ ಜಲಾಶಯವಿದೆ. ಪ್ರತಿ ಗುತ್ತಿಗೆದಾರ ತನ್ನ ಗಡಿಯೊಳಗಿನ ಕೊರಕಲಿಗೆ ಒಡ್ಡು ಕಟ್ಟಬಹುದು. ಹತ್ತಾರು ಗಣಿಗಳ ಕೆಳಗೆ, ಯಾರ ಗುತ್ತಿಗೆಗೂ ಸೇರದೆ ಹರಿಯುವ ನಾರಿಹಳ್ಳಕ್ಕೆ ಯಾರು ಹೊಣೆ? ಈ ಪ್ರಶ್ನೆಗೆ ಉತ್ತರವಾಗಿ ದಂಡ ಮತ್ತು ಅದಿರು ಹರಾಜಿನ ಹಣದ ಒಂದು ಪಾಲನ್ನು ಬೇರೆ ಇಟ್ಟು, 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪಿಸಲಾಯಿತು. ಗಣಿಬಾಧಿತ ಜಿಲ್ಲೆಗಳಿಗೆ ಸುಮಾರು 24,996 ಕೋಟಿ ರೂಪಾಯಿಯ ಯೋಜನೆ ಸಿದ್ಧವಾಯಿತು. ಅದರ ಮೇಲುಸ್ತುವಾರಿಗೆ ಸುಪ್ರೀಂ ಕೋರ್ಟ್ 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಗಣಿ ನಿಂತದ್ದು 2011ರಲ್ಲಿ. ದೊಡ್ಡ ಹಳ್ಳಕ್ಕೆ ಹಣ ಹರಿಯುವ ವ್ಯವಸ್ಥೆಗೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು ಎಂಬುದು ಬೇಸರದ ಮಾತು. ಆ ನಡುವೆ ಅದಿರು ತೆಗೆಯುವ ವಾರ್ಷಿಕ ಮಿತಿ ಮಾತ್ರ 3 ಕೋಟಿ ಟನ್ನಿನಿಂದ 3.5 ಕೋಟಿಗೆ, 2022ರಲ್ಲಿ 5 ಕೋಟಿಗೆ ಏರಿತು.

ಇದೆಲ್ಲ ದೊಡ್ಡ ಗಣಿಗಳ ಮಾತು. ಸರಗೂರು, ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ಗಣಿ ಎಂದರೆ ಕಲ್ಲುಕ್ವಾರಿ, ಹೊಳೆಮರಳು. ಸರಗೂರು ಸಮೂಹದ ಶಿಲೆಗಳಲ್ಲಿ ಕ್ರೋಮೈಟ್, ಮ್ಯಾಗ್ನಸೈಟ್, ಕಯನೈಟ್, ಕುರುಂದದಂಥ ಖನಿಜಗಳಿವೆ. ಮೈಸೂರು ಬಳಿಯ ಸಿಂಧುವಳ್ಳಿಯಲ್ಲಿ ಕ್ರೋಮೈಟ್, ದೊಡ್ಡಕಾನ್ಯದಲ್ಲಿ ಮ್ಯಾಗ್ನಸೈಟ್ ತೆಗೆದಿದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ರಾಜ್ಯ ಸರ್ಕಾರದ ಮೈಸೂರು ಮಿನರಲ್ಸ್ ನೆಲದಡಿಯೇ ಕ್ರೋಮೈಟ್ ಗಣಿ ನಡೆಸಿತ್ತು. ಇಂಥ ಕಡೆ ಮೇಲ್ವಿಚಾರಣೆಯ ಅಧಿಕಾರ 2015ರ ಫೆಬ್ರುವರಿ 10ರಂದು ಸ್ವಲ್ಪ ಜರುಗಿತು. ಕುರುಂದ, ಡ್ಯೂನೈಟ್, ಬಳಪದ ಕಲ್ಲು ಸೇರಿದಂತೆ 31 ಖನಿಜಗಳನ್ನು ಕೇಂದ್ರ ಸರ್ಕಾರ ಉಪಖನಿಜ ಎಂದು ಸಾರಿದ್ದರಿಂದ ಅವು ಭಾರತೀಯ ಗಣಿ ಬ್ಯೂರೊದ ಕೈಯಿಂದ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಬಂದವು. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಮುಂದಾಳತ್ವದಲ್ಲಿ ಮೈಸೂರು ಸಂಸ್ಥಾನದಲ್ಲಿ ಶುರುವಾದ ಈ ಇಲಾಖೆಯ ಮುಖ್ಯ ಕೆಲಸ ಖನಿಜದ ಪ್ರಮಾಣ ಮತ್ತು ರಾಜಧನ ನೋಡುವುದು.

ಸಣ್ಣ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು 2012ರ ಫೆಬ್ರುವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಯವರೆಗೆ ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗಳಿಗೆ ಆ ಕಟ್ಟಳೆಯಿರಲಿಲ್ಲ, ದೊಡ್ಡ ಜಾಗವನ್ನು ತುಂಡು ತುಂಡಾಗಿ ಗುತ್ತಿಗೆ ಪಡೆಯುವ ದಾರಿಯೂ ತೆರೆದೇ ಇತ್ತು. ಕಾಡಂಚಿನಲ್ಲಿ ನಿರ್ಬಂಧ ಇನ್ನಷ್ಟು ಗಟ್ಟಿ. ಬಂಡೀಪುರದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2012ರಲ್ಲಿ ಘೋಷಣೆಯಾಗಿ, ಅಲ್ಲಿ ವಾಣಿಜ್ಯ ಗಣಿಗಾರಿಕೆ, ಕಲ್ಲುಕ್ವಾರಿಗಳಿಗೆ ತಡೆ ಬಿತ್ತು. ಯಾವುದೇ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಗಣಿ ಸಲ್ಲದು ಎಂದು ಕೋರ್ಟ್ 2023ರ ಏಪ್ರಿಲ್ 26ರಂದು ಮತ್ತೊಮ್ಮೆ ಸ್ಪಷ್ಟಪಡಿಸಿತು. ಬಂಡೀಪುರ, ನಾಗರಹೊಳೆಗಳ ಮಗ್ಗುಲಿನ ಊರುಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ಉಳಿದಿರುವುದು ಕಾಡಿನಿಂದ ಆಚೆಗಿನ ಹಳ್ಳಗಳು. ನುಗು, ತಾರಕ, ಹೆಬ್ಬಳ್ಳಗಳಿಗೆ ಜಲಾಶಯಗಳಿವೆ, ಅವುಗಳ ನೀರಿನ ಮಟ್ಟ ಬರೆದಿಡುವವರಿದ್ದಾರೆ. ಅವುಗಳಿಗೆ ಬಂದು ಸೇರುವ ಹೆಸರಿಲ್ಲದ ತೊರೆಗಳಿಗೆ ಅಳತೆಗೋಲಿಲ್ಲ. ಕ್ವಾರಿಗೆ ಅನುಮತಿ ಕೊಡುವ ಮೊದಲು ಕೆಳಗಿನ ತೊರೆಯ ಹರಿವನ್ನು ಮಳೆಗಾಲ, ಬೇಸಿಗೆ ಎರಡರಲ್ಲೂ ಅಳೆದು ದಾಖಲೆಗೆ ಸೇರಿಸುವುದು ದುಬಾರಿ ಕೆಲಸವೇನಲ್ಲ. ಒಂದು ಗೇಜು ಪಟ್ಟಿ, ಜೋರು ಮಳೆಯ ದಿನ ಮಾದರಿ ಹಿಡಿಯುವ ಒಬ್ಬ ಸ್ಥಳೀಯ, ಬತ್ತಿದ ದಿನಾಂಕ ಬರೆಯಲು ಗ್ರಾಮ ಪಂಚಾಯಿತಿಯಲ್ಲಿ ಒಂದು ಪುಸ್ತಕ ಸಾಕು. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಯಲ್ಲಿ ಕುಡಿಯುವ ನೀರು ಮತ್ತು ಪರಿಸರ ರಕ್ಷಣೆ ಆದ್ಯತೆಯ ಬಾಬತ್ತುಗಳೇ ಆಗಿರುವುದರಿಂದ, ಈ ಖರ್ಚನ್ನು ಅಲ್ಲಿಂದ ಭರಿಸಲು ಅವಕಾಶವೂ ಇದೆ.